ಒಂಬತ್ತಾದ ಮೇಲೆ ಹನ್ನೊಂದು

"ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ವಿಚಾರಣೆಯಲ್ಲಿ ನಮ್ಮಪ್ಪ ತಾನು ಮಾಡದ ತಪ್ಪನ್ನ ಒಪ್ಪಿಕೊಂಡು ಸಹಿ ಹಾಕ್ತಾರೆ. ಒಂದು ಜೀವ ಹೋಗಿರೋ ತಪ್ಪು. ಜೈಲೇ ಗತಿ. ಹೇಗಾದ್ರೂ ತಡೀರಿ ಅಮ್ಮ."

ಒಂದೇ ಉಸಿರಿಗೆ ಇಷ್ಟನ್ನು ಹೇಳಿದ ಹೆಂಗಸು ಹೆಗಲ ಚೀಲ ಇಳಿಸುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತಿದ್ದಳು. ಗುಮಾಸ್ತ ಎದ್ದು ಕುರ್ಚಿ ಎಳೆದುಕೊಟ್ಟ. ಕೊಟ್ಟ ಮೇಲೆ, ಕಾಲು ಅಲ್ಲಾಡುವ ಕುರ್ಚಿಯನ್ನೇ ಕೊಟ್ಟೆನಲ್ಲಾ ಎಂದು ಅವನ ಮನಸ್ಸು ಕೊರೆಯತೊಡಗಿತು. ಇಪ್ಪತ್ತು ವರ್ಷ ಕೋರ್ಟಿನ ನಕಲು ವಿಭಾಗದಲ್ಲಿ ದುಡಿದವನು ಅವನು. ಬರೆದ ಒಂದು ಸಾಲನ್ನೂ ಮೂರು ಸಲ ಓದದೆ ಮುಂದಕ್ಕೆ ಕಳಿಸಿದವನಲ್ಲ. ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸಿದಾಗ ಪ್ರಮಾಣಪತ್ರ ತನ್ನದೇ ಹೌದೋ ಎಂದು ಕಚೇರಿಗೆ ಹೋಗಿ ಕೇಳಿ ಬಂದವನು.

ಎದುರಿಗೆ ಕೂತಿದ್ದವಳು ಅವನ ಸೋದರತ್ತೆ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾದ ಅವಳನ್ನು ಬೀದಿಯವರೆಲ್ಲ ತಕ್ಕಡಿಯಮ್ಮ ಎನ್ನುತ್ತಿದ್ದರು. ಅಂಗಡಿಯವರು ತೂಕದ ಕಲ್ಲಿನ ತಳ ಕೊರೆದು ತುಂಬಿದ ಮೇಣವನ್ನು ಹುಡುಕಿ ಹುಡುಕಿ, ಮನುಷ್ಯರ ಮಾತಿನ ತಳವನ್ನೂ ತಿರುಗಿಸಿ ನೋಡುವ ಚಾಳಿ ಅವಳಿಗೆ ಅಂಟಿಕೊಂಡಿತ್ತು.

"ಮೊದಲು ಕೂತ್ಕೋ ಮಗಳೇ," ಎಂದಳು ತಕ್ಕಡಿಯಮ್ಮ. "ನಾನು ಏನೂ ತಿಳಿಯದವಳು ಅಂದ್ಕೊಂಡು ಹೇಳು."

ಮಗಳು ಹೇಳಿದಳು. ತಂದೆ ಲೆಕ್ಕದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಇನ್ನಿಬ್ಬರ ಜೊತೆ ಸೇರಿ ಒಂದು ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದರು. ರೋಗಿಯ ನರಕ್ಕೆ ಹನಿಹನಿಯಾಗಿ ಔಷಧಿ ಇಳಿಸುವ ಪಂಪಿನೊಳಗೆ ಕೂತು ಲೆಕ್ಕ ಹಾಕುವುದು ಅದರ ಕೆಲಸ. ಮುಕ್ತ ಸಾಫ್ಟ್‌ವೇರ್: ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ಒಳಗಿನದನ್ನು ಓದಬಹುದು, ತಿದ್ದಿ ಕಳಿಸಬಹುದು. ಆದರೆ ತಿದ್ದಿದ್ದನ್ನು ಆಸ್ಪತ್ರೆಗಳಿಗೆ ಬಿಡುಗಡೆ ಮಾಡುವ ಕೀಲಿ ಮೇಷ್ಟ್ರ ಹತ್ತಿರ ಮಾತ್ರ ಇತ್ತು.

"ಪ್ರತಿ ಬಿಡುಗಡೆಗೂ ಮೂರು ಸಂಖ್ಯೆ ಇರುತ್ತೆ, ಮಧ್ಯೆ ಚುಕ್ಕಿ. ಅಪ್ಪ ಅವನ್ನ ಅಣ್ಣತಮ್ಮಂದಿರು ಅಂತಾರೆ. ಸಣ್ಣಪುಟ್ಟ ರಿಪೇರಿ ಆದ್ರೆ ಕಿರಿಯವನು ಒಂದು ಹೆಜ್ಜೆ ಮುಂದೆ ಹೋಗ್ತಾನೆ. ಹೊಸದೇನಾದ್ರೂ ಸೇರಿದ್ರೆ ನಡುವಿನವನು. ಹಳೆಯ ಅಭ್ಯಾಸ ಇಟ್ಕೊಂಡು ಬಳಸಿದ್ರೆ ಅಪಾಯ ಅನ್ನೋವಂಥ ಬದಲಾವಣೆ ಆದ್ರೆ ಹಿರಿಯವನೇ ಎದ್ದು ನಿಲ್ಲಬೇಕು. ಅವನು ಎದ್ದ ಕೂಡಲೇ ತಮ್ಮಂದಿರಿಬ್ಬರೂ ಸೊನ್ನೆಗೆ ಇಳೀತಾರೆ."

"ಆಸ್ಪತ್ರೆಯವರು ಆ ಸಂಖ್ಯೆ ನೋಡ್ತಾರಾ?"

"ಅದನ್ನೇ ನೋಡೋದು. ಕಿರಿಯವನು ಬದಲಾದ್ರೆ ಪಂಪುಗಳು ರಾತ್ರೋರಾತ್ರಿ ತಾವೇ ಹಾಕ್ಕೊಂಡುಬಿಡ್ತವೆ. ಹಿರಿಯವನು ಬದಲಾದ್ರೆ ಎಲ್ಲ ದಾದಿಯರಿಗೂ ತರಬೇತಿ ಆಗೋವರೆಗೆ ಮುಟ್ಟಲ್ಲ. ಹೋದ ಬುಧವಾರ ಸಂಜೆ ನಾಲ್ಕೂ ಹತ್ತಕ್ಕೆ ಒಂದು ಬಿಡುಗಡೆ ಹೋಯ್ತು. ಅದು ಹಿರಿಯವನ ಬದಲಾವಣೆ ಅಮ್ಮ, 5.0.0 ಆಗಬೇಕಿತ್ತು. 4.9.11 ಅಂತ ಹೋಯ್ತು. ಸಣ್ಣ ರಿಪೇರಿ ಅನ್ನೋ ಹಾಗೆ."

"ಏನು ಬದಲಾವಣೆ?"

"ಮೊದಲು ದಾದಿಯರು ಗಂಟೆಗೆ ಎಷ್ಟು ಮಿಲಿಲೀಟರ್ ಅಂತ ಒತ್ತುತ್ತಿದ್ದರು. ಔಷಧಿಯ ಲೆಕ್ಕವನ್ನ ಅವರೇ ಬಾಯಲ್ಲಿ ಹಾಕ್ಕೋಬೇಕಿತ್ತು. ಹೊಸದರಲ್ಲಿ ಎಷ್ಟು ಮಿಲಿಗ್ರಾಂ ಔಷಧಿ ಬೇಕು ಅಂತ ಒತ್ತಿದರೆ ಸಾಕು, ಉಳಿದ ಲೆಕ್ಕ ಪಂಪಿನದೇ. ಗುರುವಾರ ಬೆಳಿಗ್ಗೆ ಒಬ್ಬ ದಾದಿ ಎಂದಿನ ಹಾಗೆ ಎಂಟು ಒತ್ತಿದಳು, ಎಂಟು ಮಿಲಿಲೀಟರ್ ಅಂದ್ಕೊಂಡು. ಪಂಪು ಎಂಟು ಮಿಲಿಗ್ರಾಂ ಅಂದ್ಕೊಂಡಿತು. ಆ ಔಷಧಿ ಐದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇತ್ತು, ಅದಕ್ಕೆ ಗಂಟೆಗೆ ನಲವತ್ತು ಮಿಲಿಲೀಟರ್ ಇಳಿಸ್ತು. ಐದು ಪಟ್ಟು. ಸತ್ತುಹೋದಾಕೆ ಹೊಲಿಗೆ ಕೆಲಸದವರಂತೆ. ನಲವತ್ತೆರಡು ವರ್ಷ. ಅದೇ ದಿನ ಅದನ್ನ ವಾಪಸ್ ತೆಗೆದರು. ಅಷ್ಟರಲ್ಲಿ ಆಗೋದು ಆಗಿಹೋಗಿತ್ತು."

"ಅಪ್ಪ ಏನಂತಾರೆ?"

"'ಕೀಲಿ ನನ್ನದು, ಒತ್ತಿದ ಬೆರಳು ನನ್ನದು' ಅಂತಾರೆ. ಅಷ್ಟೇ. ನಾನೇ ಎದುರಿಗೆ ಕೂತು ಗೋಗರೆದ್ರೂ ಬೇರೆ ಮಾತಿಲ್ಲ."

"ಬುಧವಾರ ಅವರು ಏನೇನು ಮಾಡಿದ್ರು? ಒಂದೂ ಬಿಡದೆ ಹೇಳು."

"ಬೆಳಿಗ್ಗೆಯೆಲ್ಲ ಮನೇಲಿದ್ರು. ಎರಡು ಗಂಟೆಗೆ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಹನಿ ಹಾಕಿ, ಒಳಗೆಲ್ಲ ಬೆಳಕು ಬಿಟ್ಟು ನೋಡಿದ್ರು. ಮೂರೂವರೆಗೆ ಅವರ ಆಫೀಸಿನ ಮೆಟ್ಟಿಲು ಹತ್ತಿಸಿ ಬಿಟ್ಟೆ. ಐದೂವರೆಗೆ ಬಂದು ಮನೆಗೆ ಕರ್ಕೊಂಡು ಹೋದೆ."

ಗುಮಾಸ್ತ ಎಲ್ಲವನ್ನೂ ಬರೆದುಕೊಂಡ. "ಮೂರೂವರೆ" ಎಂಬುದರ ಕೆಳಗೆ ಗೆರೆಯನ್ನೂ ಎಳೆದ. ಅದರ ಹಿಂದಿನ ಸಾಲಿಗೆ ಎಳೆಯಬೇಕಿತ್ತೆಂದು ಅವನಿಗೆ ಹೊಳೆದದ್ದು ತಡವಾಗಿ.

ಆಫೀಸು ಟೈರ್ ಅಂಗಡಿಯ ಮೇಲಿನ ಕೋಣೆ. ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಒಳಗೂ ಬಂದು ಕೂತಿತ್ತು. ಮೂರು ಮೇಜು, ಒಂದು ಕಪ್ಪು ಹಲಗೆ, ಹಲಗೆಯ ಚೌಕಟ್ಟಿಗೆ ಚುಚ್ಚಿದ ಮೂರು ಚೀಟಿ. ಮೇಷ್ಟ್ರು ಕಿಟಕಿಯ ಬಳಿ ಕೈ ಕಟ್ಟಿ ಕೂತಿದ್ದರು. ಅವರ ಮುಂದೆ ಬರೆದಿಟ್ಟ ಹೇಳಿಕೆ, ಅದರ ಮೇಲೆ ಮುಚ್ಚಳ ತೆಗೆದ ಪೆನ್ನು.

ಇನ್ನಿಬ್ಬರೂ ಅಲ್ಲೇ ಇದ್ದರು. ಒಬ್ಬ ಪಂಪು ತಯಾರಿಸುವ ಕಂಪನಿಯ ಇಂಜಿನಿಯರ್. ಬಿಡುವಿನ ವೇಳೆಯಲ್ಲಿ ಇಲ್ಲಿ ಪುಕ್ಕಟೆ ದುಡಿಯುತ್ತಿದ್ದ ಅವನನ್ನು ಎಲ್ಲರೂ ಪಂಪಣ್ಣ ಎನ್ನುತ್ತಿದ್ದರು. ಇನ್ನೊಬ್ಬಳು ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ದಾದಿಯಾಗಿದ್ದು, ಈಗ ಪ್ರತಿ ಬದಲಾವಣೆಯನ್ನೂ ಪರೀಕ್ಷಿಸಿ ನೋಡುವವಳು. ಅವಳು ಎಲ್ಲರಿಗೂ ಸಿಸ್ಟರ್. ಬಂದವರಿಗೆ ನೀರು ಕೊಟ್ಟವಳೂ ಅವಳೇ.

"ಈ ಚೀಟಿಗಳೇನು?" ತಕ್ಕಡಿಯಮ್ಮ ಹಲಗೆಯ ಹತ್ತಿರ ಹೋದಳು.

"ಹದಿನೈದು ದಿನದ ಹಿಂದಿನ ಜಗಳ," ಎಂದ ಪಂಪಣ್ಣ. "ಮುಂದಿನ ಬಿಡುಗಡೆಗೆ ಸಂಖ್ಯೆ ಹೇಗಿಡಬೇಕು ಅಂತ ಒಬ್ಬೊಬ್ಬರೂ ಬರೆದು ಚುಚ್ಚಿದ್ವಿ. ನನ್ನದು ವರ್ಷ, ತಿಂಗಳು. 24.10. ಹಾಲಿನ ಪ್ಯಾಕೆಟ್ ಮೇಲೆ ತಾರೀಕು ಇರಲ್ವಾ, ಹಾಗೆ. ಎಷ್ಟು ಹಳೇದು ಅಂತ ಮಗೂಗೂ ಗೊತ್ತಾಗುತ್ತೆ."

"ಹಾಲು ಎಂದು ಬಂತು ಅಂತ ಗೊತ್ತಾಗುತ್ತಪ್ಪ," ಮೇಷ್ಟ್ರು ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದರು. "ಅದರಲ್ಲಿ ಹಲ್ಲಿ ಬಿದ್ದಿದೆಯಾ ಅಂತ ತಾರೀಕು ಹೇಳುತ್ತಾ? ಸಂಖ್ಯೆ ಅಂದ್ರೆ ಮಾತು ಕೊಟ್ಟ ಹಾಗೆ."

"ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟು ಆಸ್ಪತ್ರೆಯವರು ಹಿರಿಯವನನ್ನ ಬಾಗಿಲಲ್ಲೇ ನಿಲ್ಲಿಸ್ತಾರಲ್ಲ ಮೇಷ್ಟ್ರೇ. ನಮ್ಮ ಕಂಪನಿ ಹೊಸದನ್ನ ಈ ತಿಂಗಳೇ ಕೊಡ್ತೀವಿ ಅಂತ ಒಪ್ಪಿಕೊಂಡು ಕೂತಿತ್ತು, ನನ್ನ ಕುತ್ತಿಗೆಗೆ ಬಂದಿತ್ತು." ಹೇಳಿದ ಮೇಲೆ ತಾನು ಹೇಳಬಾರದ್ದನ್ನು ಹೇಳಿದೆನೆಂದು ಅವನಿಗೆ ಗೊತ್ತಾಯಿತು. ಗುಮಾಸ್ತನ ಪೆನ್ನು ಸರಕ್ಕನೆ ಓಡಿತು.

ಎರಡನೆಯ ಚೀಟಿ ಮೇಷ್ಟ್ರದು: 5.0.0. ಮೂರನೆಯದರಲ್ಲಿ ಬರೀ 5 ಎಂದಿತ್ತು.

"ಸಿಸ್ಟರ್ ಜಿಪುಣಿ," ಎಂದ ಪಂಪಣ್ಣ ನಗಲು ನೋಡುತ್ತಾ. "ಶಾಯಿ ಉಳಿಸ್ತಾರೆ."

ಸಿಸ್ಟರ್ ನಗಲಿಲ್ಲ. "ನಾನು ಮೇಷ್ಟ್ರ ಪಕ್ಷವೇ ಇದ್ದೆ. ಹಿರಿಯವನೇ ಏಳಬೇಕು ಅಂತ ಬರೆದಿದ್ದೀನಲ್ಲ."

"ಬುಧವಾರ ಮಧ್ಯಾಹ್ನ ಇಲ್ಲಿ ಯಾರಿದ್ರಿ?" ತಕ್ಕಡಿಯಮ್ಮ ಕೇಳಿದಳು.

"ಇಬ್ಬರೂ ಇಲ್ಲೇ ಇದ್ವಿ," ಎಂದಳು ಸಿಸ್ಟರ್. "ಮೇಷ್ಟ್ರು ಬಂದಾಗ ನಾನು ಹೊರಡ್ತಾ ಇದ್ದೆ." ಪಂಪಣ್ಣನೂ ಅದನ್ನೇ ಹೇಳಿದ: ಮೇಷ್ಟ್ರಿಗೆ ಬಾಗಿಲು ತೆಗೆದು ತಾನು ಹೊರಟೆ. ಒಬ್ಬರ ಮಾತಿಗೆ ಇನ್ನೊಬ್ಬರ ಸಾಕ್ಷಿಯಿಲ್ಲ. ಮೇಷ್ಟ್ರು ಮುಂದಿದ್ದ ಹೇಳಿಕೆಯತ್ತ ಬೆರಳು ತೋರಿಸಿದರು, ಅಷ್ಟೇ.

ಬಿಡುಗಡೆಯ ದಾಖಲೆ ಪುಸ್ತಕ ಮೇಜಿನ ಮೇಲಿತ್ತು. ಗುಮಾಸ್ತ ಅಭ್ಯಾಸಬಲದಿಂದ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದ. 4.9.8. 4.9.9. 4.9.11.

"ಅತ್ತೆ," ಎಂದ ಮೆಲ್ಲಗೆ. "ಹತ್ತು ಕಾಣಿಸ್ತಿಲ್ಲ. ನನ್ನ ಕಣ್ಣೇ ತಪ್ಪಿರಬೇಕು."

"ನಿನ್ನ ಕಣ್ಣು ಸರಿಯಾಗಿದೆ ಕಣೋ. ನಿನ್ನ ಧೈರ್ಯ ಸರಿಯಿಲ್ಲ, ಅಷ್ಟೇ."

ಮೇಷ್ಟ್ರು ನಿಟ್ಟುಸಿರಿಟ್ಟರು. "ಅದೇ ನನ್ನ ಮರೆವಿಗೆ ಸಾಕ್ಷಿ ಅಮ್ಮ. ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟವನು ಒಂಬತ್ತಾದ ಮೇಲೆ ಹನ್ನೊಂದು ಅಂದಿದ್ದೀನಿ."

ತಕ್ಕಡಿಯಮ್ಮ ಪುಟ ಹಿಂದಕ್ಕೆ ಮಗುಚಿದಳು. ಹಿಂದಿನ ಸರಣಿಯಲ್ಲಿ 4.8.9 ಆದ ಮೇಲೆ 4.8.10 ಇತ್ತು, ಅದಕ್ಕೂ ಹಿಂದೆ 4.6.9 ಆದ ಮೇಲೆ 4.6.10. ಅವಳು ಪುಸ್ತಕ ಮುಚ್ಚಿದಳು. "ನಾಲ್ಕು ಗಂಟೆಗೆ ಮತ್ತೆ ಬರ್ತೀವಿ. ಎಲ್ಲರೂ ಇರಿ."

ಮೆಟ್ಟಿಲಿಳಿಯುವಾಗಲೇ ಗುಮಾಸ್ತ, "ಪಂಪಣ್ಣನೇ, ಅಲ್ವಾ ಅತ್ತೆ? ಕಂಪನಿಯ ಒತ್ತಾಯ ಇತ್ತು ಅಂತ ತಾನೇ ಹೇಳಿದ," ಎಂದ.

"ಹೊಟ್ಟೆಯಲ್ಲಿ ಕಳ್ಳತನ ಇದ್ದವನು ಅದನ್ನ ಬಾಯಿ ತಪ್ಪಿ ಹೇಳಲ್ಲ. ನಡೀ, ಆಸ್ಪತ್ರೆಗೆ."

ಹೊಲಿಗೆಯಾಕೆ ಸತ್ತ ವಾರ್ಡಿನ ಮುಖ್ಯಸ್ಥೆ ದಣಿದ ಮುಖದ ಹೆಂಗಸು. ಹಾಸಿಗೆ ಖಾಲಿಯಿತ್ತು, ಹೊಸ ಬಿಳಿ ಹೊದಿಕೆ ಹಾಸಿತ್ತು. ದಾದಿಯರ ಮೇಜಿನ ಹಿಂದಿನ ಗೋಡೆಗೆ ದಪ್ಪಕ್ಷರದ ಸೂಚನೆಗಳು: ಔಷಧಿಯ ಹೆಸರನ್ನು ಮೊಟಕು ಮಾಡಬೇಡಿ. ಚುಕ್ಕಿಯ ಹಿಂದಿನ ಸೊನ್ನೆಯನ್ನು ಬಿಟ್ಟು ಬರೆಯಬೇಡಿ. ಚುಕ್ಕಿಯಾದ ಮೇಲೆ ಸೊನ್ನೆಯಲ್ಲಿ ನಿಲ್ಲಿಸಬೇಡಿ. ಇಬ್ಬರು ಓದದೆ ಇಂಜೆಕ್ಷನ್ ಕೊಡಬೇಡಿ. ಗುಮಾಸ್ತ ಸುಮ್ಮನಿರಲಾರದೆ ಅವನ್ನೂ ಬರೆದುಕೊಂಡ.

"ನಿಮ್ಮ ಸಿಸ್ಟರ್ ಇಲ್ಲೇ ಇದ್ದವಳು," ಎಂದಳು ಮುಖ್ಯಸ್ಥೆ. "ಈ ಗೋಡೆಯ ಮಾತು ಅವಳೇ ಬರೆಸಿದ್ದು. ಬಾಯಿಲೆಕ್ಕ ತಪ್ಪಿ ರೋಗಿ ಸತ್ತಾಗಲೆಲ್ಲ ಒಂದು ಪಟ್ಟಿಗೆ ಸೇರಿಸ್ತಿದ್ದಳು. ಆ ಬಿಡುಗಡೆಯ ಹಿಂದಿನ ದಿನ, ಮಂಗಳವಾರವೂ ಒಬ್ಬರು ಹೋದರು, ಹಳೇ ಪಂಪಿನಲ್ಲಿ. ನಾನೇ ಅವಳಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಹಿರಿಯ ಸಂಖ್ಯೆ ಬದಲಾದ ಯಾವುದನ್ನೂ ಮುಂದಿನ ವರ್ಷದವರೆಗೆ ತಗೋಬೇಡಿ, ತರಬೇತಿಗೆ ಜನ ಇಲ್ಲ ಅಂತ ನಮಗೆ ಸುತ್ತೋಲೆ ಬಂದಿತ್ತು. ಅದನ್ನೂ ಹೇಳಿದೆ."

"ಮಂಗಳವಾರ," ಎಂದಳು ತಕ್ಕಡಿಯಮ್ಮ.

ನಾಲ್ಕಕ್ಕೆ ಎಲ್ಲರೂ ಸೇರಿದರು. ಮಗಳು ತಂದೆಯ ಪಕ್ಕ ಕೂತು ಅವರ ತೋಳು ಹಿಡಿದಿದ್ದಳು. ತಕ್ಕಡಿಯಮ್ಮ ನಿಂತೇ ಮಾತಾಡಿದಳು.

"ಮೇಷ್ಟ್ರೇ, ಮೊದಲು ನಿಮ್ಮದು. ಎರಡು ಗಂಟೆಗೆ ನಿಮ್ಮ ಕಣ್ಣಿಗೆ ಹನಿ ಹಾಕಿದರು. ಆ ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ ಅಕ್ಷರ ಕಾಣಲ್ಲ. ಅದಕ್ಕೇ ಮಗಳು ಮೆಟ್ಟಿಲು ಹತ್ತಿಸಿ ಬಿಟ್ಟಳು, ಅದಕ್ಕೇ ವಾಪಸ್ ಬಂದು ಕರ್ಕೊಂಡು ಹೋದಳು. ನಾಲ್ಕೂ ಹತ್ತಕ್ಕೆ ನೀವು ಪರದೆಯ ಮೇಲೆ ಒಂದು ಅಂಕಿಯನ್ನೂ ಓದೋ ಹಾಗಿರಲಿಲ್ಲ. ಯಾರೋ ಸಂಖ್ಯೆ ಹೊಡೆದಿಟ್ಟರು, ಯಾರೋ ನಿಮಗೆ ಓದಿ ಹೇಳಿದರು. ನೀವು ನಂಬಿ ಕೀಲಿ ಹಾಕಿ ಒತ್ತಿದಿರಿ. ಯಾರು?"

ಮೇಷ್ಟ್ರು ನೆಲ ನೋಡಿದರು. "ಒತ್ತಿದ ಬೆರಳು ನನ್ನದು."

"ಆಯ್ತು, ಹೇಳಬೇಡಿ. ನಮ್ಮ ಗುಮಾಸ್ತ ಕಂಡ ಹತ್ತೇ ಹೇಳುತ್ತೆ. ಮರೆವಿನಿಂದ ಹತ್ತು ಹಾರಿತು ಅಂತೀರಿ. ಹಿಂದಿನ ಸರಣಿಗಳಲ್ಲೆಲ್ಲ ಒಂಬತ್ತಾದ ಮೇಲೆ ಹತ್ತೇ ಇದೆ. ಕಣ್ಣು ಕಾಣದಾಗ ಈ ಸಂಖ್ಯೆ ಹೊಡೆದವರು ನೀವಲ್ಲ. ಮತ್ತೆ ಹೊಡೆದವರು ಯಾಕೆ ಹಾರಿಸಿದರು? ತೂಕದಲ್ಲಿ ಕದಿಯೋನಿಗೆ ಒಂದೊಂದು ಕೈಚಳಕ ಇರುತ್ತೆ. ಹಾಗೇ ಪ್ರತಿ ಕಸುಬಿಗೂ ಒಂದು ಕೈಯಭ್ಯಾಸ. ಪಂಪಣ್ಣ, ನಿಮ್ಮ ಚೀಟಿ 24.10. ಚುಕ್ಕಿಯಾದ ಮೇಲೆ ಸೊನ್ನೆಯಲ್ಲಿ ನಿಲ್ಲಿಸೋಕೆ ನಿಮ್ಮ ಕೈ ಹಿಂಜರಿಯಲಿಲ್ಲ."

ಪಂಪಣ್ಣ ಬೆವರೊರೆಸಿಕೊಂಡ.

"ವಾರ್ಡಿನ ಗೋಡೆಯ ಮೇಲೆ ಒಂದು ಮಾತಿದೆ. ಓದೋ."

ಗುಮಾಸ್ತ ಪುಟ ಹುಡುಕಿ ಓದಿದ. "ಚುಕ್ಕಿಯಾದ ಮೇಲೆ ಸೊನ್ನೆಯಲ್ಲಿ ನಿಲ್ಲಿಸಬೇಡಿ."

"ಒಂದು ಚುಕ್ಕಿ ಸೊನ್ನೆ ಅಂತ ಬರೆದರೆ, ಚುಕ್ಕಿ ಮಸುಕಾದಾಗ ಅದು ಹತ್ತಾಗುತ್ತೆ. ಹತ್ತು ಪಟ್ಟು ಔಷಧಿ. ಅದಕ್ಕೇ ದಾದಿಯರ ಕೈ ಅಲ್ಲಿ ನಿಲ್ಲೋದೇ ಇಲ್ಲ. ಐದು ಚುಕ್ಕಿ ಸೊನ್ನೆ ಚುಕ್ಕಿ ಸೊನ್ನೆ ಅಂತ ಬರೀಬೇಕಾದ ಕಡೆ ಬರೀ ಐದು ಅಂತ ಬರೆದವರು ಒಬ್ಬರೇ. ಶಾಯಿ ಉಳಿಸೋಕಲ್ಲ. 4.9.10 ಕೂಡ ಸೊನ್ನೆಯಲ್ಲೇ ಮುಗಿಯುತ್ತೆ, ಅದಕ್ಕೇ ಆ ಕೈ ಅದನ್ನ ಹಾರಿಸಿತು."

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಆ ಸದ್ದು ನಿಂತಿತು.

"ಹತ್ತು ಅಂತಲೇ ಹೊಡೆದೆ," ಎಂದಳು ಸಿಸ್ಟರ್. ದನಿಯಲ್ಲಿ ಏರಿಳಿತವಿರಲಿಲ್ಲ. "ನೋಡೋಕೆ ಆಗಲಿಲ್ಲ. ಅಳಿಸಿ ಹನ್ನೊಂದು ಮಾಡಿದೆ. ಮೇಷ್ಟ್ರು ಏನಮ್ಮಾ ಇದು ಅಂದರು. ಸಣ್ಣ ತಿದ್ದುಪಡಿ ಅಂದೆ."

"ಯಾಕೆ ಸಿಸ್ಟರ್?" ಮಗಳು ಎದ್ದು ನಿಂತಿದ್ದಳು. "ನಮ್ಮಪ್ಪನ ಕಣ್ಣು ಕಾಣಲ್ಲ ಅಂತ ಗೊತ್ತಿದ್ದೂ?"

"ಕಾಣ್ತಿದ್ದರೆ ಅವರು ಬಿಡ್ತಿರಲಿಲ್ಲ ಕಣಮ್ಮ. ಮಂಗಳವಾರ ಸತ್ತವರು ನನ್ನ ಪಟ್ಟಿಯಲ್ಲಿ ಹದಿನೇಳನೆಯವರು. ಅಷ್ಟೂ ಜನ ಬಾಯಿಲೆಕ್ಕ ತಪ್ಪಿ ಹೋದವರು. ಮದ್ದು ನಮ್ಮ ಮೇಜಿನ ಮೇಲಿತ್ತು. ಹಿರಿಯವನ ಹೆಸರಲ್ಲಿ ಕಳಿಸಿದರೆ ಮುಂದಿನ ವರ್ಷ. ಕಿರಿಯವನ ಹೆಸರಲ್ಲಿ ಕಳಿಸಿದರೆ ನಾಳೆ ಬೆಳಿಗ್ಗೆ. ಮಿಲಿಗ್ರಾಂ ಅಂತ ಪರದೆ ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದೆ. ನೋಡ್ತಾರೆ ಅಂದ್ಕೊಂಡೆ." ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ಇಪ್ಪತ್ತಾರು ವರ್ಷ ವಾರ್ಡಿನಲ್ಲಿದ್ದು, ರಾತ್ರಿ ಪಾಳಿ ಮುಗಿಸಿದ ದಾದಿ ಪರದೆ ಓದಲ್ಲ, ಬೆರಳಿನ ನೆನಪಲ್ಲಿ ಒತ್ತುತ್ತಾಳೆ ಅನ್ನೋದನ್ನ ಮರೆತೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು ಅದು?"

"ಆಮೇಲೆ ಮೇಷ್ಟ್ರು ತಪ್ಪು ಹೊರೋಕೆ ಹೊರಟಾಗ?" ತಕ್ಕಡಿಯಮ್ಮ ಕೇಳಿದಳು.

"ದಿನಾ ಬೆಳಿಗ್ಗೆ ಹೇಳಬೇಕು ಅಂತ ಬಂದೆ. ದಿನಾ ಸಂಜೆ ಹೇಳದೆ ಹೋದೆ. ಅದಕ್ಕೆ ನನ್ನ ಹತ್ರ ಕಾರಣ ಇಲ್ಲ."

ಮೇಷ್ಟ್ರು ಹೇಳಿಕೆಯ ಕಾಗದವನ್ನು ಗುಮಾಸ್ತನ ಕಡೆ ಸರಿಸಿದರು. "ನಿಮ್ಮ ಅಕ್ಷರ ಚೆನ್ನಾಗಿದೆಯಂತೆ. ಹೊಸದಾಗಿ ಬರೀರಿ. ಸಂಖ್ಯೆ ಇಟ್ಟವನು ನಾನಲ್ಲ. ಆದರೆ ನನಗೆ ಕಣ್ಣು ಕಾಣ್ತಿರಲಿಲ್ಲ, ಆದರೂ ಒತ್ತಿದೆ. ನಾಳೆ ನೋಡೋಣ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮರೆವು ಬಂತು ಅಂತ ಇವರೆಲ್ಲ ಅಂದ್ಕೋತಾರೇನೋ ಅನ್ನೋ ಹೆದರಿಕೆಗೆ ಒತ್ತಿದೆ. ಅದನ್ನೂ ಬರೀರಿ."

"ಅಪ್ಪಾ, ಅದೆಲ್ಲ ಈಗ ಯಾಕೆ? ಈಗ ಬಚಾವಾದಿರಲ್ಲ!"

"ಮಾಡದ ತಪ್ಪಿನಿಂದ ಬಚಾವಾದೆ ಮಗಳೇ. ಮಾಡಿದ್ದು ಹಾಗೇ ಇದೆ."

ಗುಮಾಸ್ತ ಬರೆದ. ಮೂರು ಸಲ ಓದಿದ. ನಾಲ್ಕನೇ ಸಲ ಓದಲು ಹೋದಾಗ ಅತ್ತೆ ಅವನ ಹೆಗಲ ಮೇಲೆ ಕೈಯಿಟ್ಟಳು.

ಮರುದಿನ ಹತ್ತಕ್ಕೆ ವಿಚಾರಣೆಯ ಕೋಣೆಯಲ್ಲಿ ಮೇಷ್ಟ್ರದೂ ಸಿಸ್ಟರದೂ ಎರಡು ಹೇಳಿಕೆಗಳನ್ನು ಓದಲಾಯಿತು. ಮೇಷ್ಟ್ರ ಕೀಲಿಯನ್ನು ರದ್ದು ಮಾಡಿ ಅವರನ್ನು ಮನೆಗೆ ಕಳಿಸುವುದೆಂದಾಯಿತು. ಸಿಸ್ಟರನ್ನು ಪೊಲೀಸರಿಗೆ ಒಪ್ಪಿಸುವುದೆಂದಾಯಿತು. ಅವಳು ಎದ್ದಾಗ, ಹಿಂದಿನ ಬೆಂಚಿನಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಒಬ್ಬ ಗಂಡಸೂ ಎದ್ದ. ಹೊಲಿಗೆಯಾಕೆಯ ಗಂಡ.

"ಒಂದು ಕೇಳಬಹುದಾ?" ಎಂದ. "ನಂಬರ್ ಸರಿಯಾಗಿ ಇಟ್ಟಿದ್ದರೆ ನನ್ನ ಹೆಂಡತಿ ಬದುಕ್ತಿದ್ದಳಾ?"

"ಬದುಕ್ತಿದ್ದರು," ಎಂದಳು ಸಿಸ್ಟರ್.

"ಮುಂದಿನ ವರ್ಷದವರೆಗೆ ಬೇರೆ ಯಾರಾದರೂ ಸಾಯ್ತಿದ್ದರಾ?"

"ಸಾಯ್ತಿದ್ದರು. ಈಗಲೂ ಸಾಯ್ತಾರೆ. ಪಂಪುಗಳು ಮತ್ತೆ ಹಳೆಯದಕ್ಕೇ ಹೋಗಿವೆ."

ಅವನು ಅವಳನ್ನೇ ನೋಡಿದ. ಲೆಕ್ಕವನ್ನು ಅರ್ಥ ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸುವವನ ಮುಖ ಅದು.

"ಅವರು ಯಾರು?"

"ಗೊತ್ತಿಲ್ಲ," ಎಂದಳು ಸಿಸ್ಟರ್.

"ನನ್ನವಳು ಯಾರು ಅಂತ ನನಗೆ ಗೊತ್ತಿತ್ತು," ಎಂದು ಹೇಳಿ ಅವನು ಕೂತ.